ಅಸಹಜ ಸಾವಿನ ಮನೆಯಲ್ಲಿ ಏನು ಮುಟ್ಟಬಾರದು, ಯಾರಿಗೆ ಏನು ಹೇಳಬೇಕು: ಸೆಕ್ಷನ್ 238ರ ಕೈಪಿಡಿ

ಕೊಲೆ ಪ್ರಕರಣದ ಆರೋಪಪಟ್ಟಿಯಲ್ಲಿ ಕೊಂದವನ ಹೆಸರಿನ ಕೆಳಗೆ ಇನ್ನೂ ಎರಡು ಮೂರು ಹೆಸರು ಇರುವುದು ಅಪರೂಪವೇನಲ್ಲ. ರಕ್ತವಾದ ಅಂಗಿ ಒಗೆದ ತಾಯಿ, ರಾತ್ರೋರಾತ್ರಿ ಶವ ಸಾಗಿಸಲು ಗಾಡಿ ಕೊಟ್ಟ ಭಾವಮೈದ, 'ಮೆಟ್ಟಿಲ ಮೇಲಿಂದ ಜಾರಿ ಬಿದ್ದರು' ಎಂದು ಠಾಣೆಯಲ್ಲಿ ಹೇಳಿಕೆ ಕೊಟ್ಟ ಅಣ್ಣ. ಇವರು ಯಾರ ಮೇಲೂ ಕೈ ಎತ್ತಿದವರಲ್ಲ. ಆದರೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಅವರನ್ನು ಅಲ್ಲಿಗೆ ತರುವುದು ಸಾಕ್ಷ್ಯ ನಾಶವನ್ನು ಶಿಕ್ಷಿಸುವ, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 238. ಕೃತ್ಯ ನಡೆದದ್ದು 2024ರ ಜುಲೈ 1ಕ್ಕಿಂತ ಮೊದಲಾದರೆ ಹಳೆಯ ಐಪಿಸಿಯ 201.

ಇನ್ನೊಂದು ಬಗೆಯವರೂ ಇದ್ದಾರೆ. ಯಾರನ್ನೂ ಉಳಿಸುವ ಉದ್ದೇಶವಿಲ್ಲದೆ, ಗಾಬರಿಗೋ ಸಂಪ್ರದಾಯಕ್ಕೋ ನೆಲ ತೊಳೆದು, ಹಾಸಿಗೆ ಸುಟ್ಟು, ತಮ್ಮವರನ್ನೇ ಕೊಂದವನ ವಿರುದ್ಧದ ಸಾಕ್ಷ್ಯವನ್ನು ತಮ್ಮ ಕೈಯಾರೆ ಕಳೆದವರು. ಇವರಿಗೆ ಜೈಲಾಗದಿರಬಹುದು, ಆದರೆ ಪ್ರಕರಣ ಬಿದ್ದುಹೋಗುತ್ತದೆ. ಮನೆಯವರು, ಅಕ್ಕಪಕ್ಕದವರು, ಲಾಡ್ಜ್ ನಡೆಸುವವರು, ಕ್ಯಾಮೆರಾ ಇರುವ ಅಂಗಡಿಯವರು, ಪಂಚರಾಗಿ (ಪೊಲೀಸರ ಸ್ಥಳ ಪರಿಶೀಲನೆ, ಜಪ್ತಿಗೆ ಸಾಕ್ಷಿಯಾಗಿ) ಸಹಿ ಹಾಕಲು ಕರೆ ಬಂದವರು ತಿಳಿದಿರಬೇಕಾದ್ದು ಇಲ್ಲಿದೆ.

ಕಾನೂನು ಹಿಡಿಯುವುದು ಯಾವುದನ್ನು

238ರ ಅಡಿ ಶಿಕ್ಷೆಯಾಗಬೇಕಾದರೆ ನಾಲ್ಕು ಸಂಗತಿ ಸಾಬೀತಾಗಬೇಕು. ನಿಜವಾಗಿಯೂ ಒಂದು ಅಪರಾಧ ನಡೆದಿರಬೇಕು. ಅದು ನಡೆದಿದೆ ಎಂದು ಆ ವ್ಯಕ್ತಿಗೆ ಗೊತ್ತಿರಬೇಕು, ಇಲ್ಲವೇ ನಂಬಲು ಕಾರಣವಿರಬೇಕು. ಆತ ಸಾಕ್ಷ್ಯ ಇಲ್ಲದಂತೆ ಮಾಡಿರಬೇಕು ಅಥವಾ ಸುಳ್ಳೆಂದು ತಿಳಿದೂ ಮಾಹಿತಿ ಕೊಟ್ಟಿರಬೇಕು. ಅದೆಲ್ಲ ಅಪರಾಧಿಯನ್ನು ಶಿಕ್ಷೆಯಿಂದ ಪಾರು ಮಾಡುವ ಉದ್ದೇಶದಿಂದ ಆಗಿರಬೇಕು. ಸೆಕ್ಷನ್ನಿನ ಜೊತೆಗೇ ಒಂದು ಉದಾಹರಣೆ ಅಚ್ಚಾಗಿದೆ: 'ಬಿ' ಎಂಬವನು 'ಜೆಡ್' ಎಂಬವನನ್ನು ಕೊಂದಿದ್ದಾನೆಂದು ತಿಳಿದೂ, ಅವನನ್ನು ಉಳಿಸಲು 'ಎ' ಶವ ಅಡಗಿಸಲು ನೆರವಾದರೆ, 'ಎ'ಗೆ 7 ವರ್ಷದವರೆಗೆ ಜೈಲು, ಜೊತೆಗೆ ದಂಡ.

1952ರ ಪಾಲ್ವಿಂದರ್ ಕೌರ್ ಪ್ರಕರಣದಲ್ಲಿ ಶವ ಟ್ರಂಕಿನೊಳಗೆ, ಟ್ರಂಕು ಬಾವಿಯೊಳಗೆ ಸಿಕ್ಕಿತ್ತು. ಆದರೂ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು. ಸಾವು ಅಪರಾಧದಿಂದಲೇ ಆದದ್ದೆಂದು ಸಾಬೀತಾಗಿರಲಿಲ್ಲ. ಬರೀ ಅನುಮಾನ ಎಷ್ಟೇ ಬಲವಾಗಿದ್ದರೂ ಸಾಲದು ಎಂದಿತು ನ್ಯಾಯಾಲಯ. ಇಂದಿಗೂ ಈ ಸೆಕ್ಷನ್ನಿನ ವಾದ ಶುರುವಾಗುವುದೇ ಈ ತೀರ್ಪಿನಿಂದ. ಆದರೆ ಇದನ್ನು ನಂಬಿಕೊಂಡು ಶವ ಮುಟ್ಟಲು ಹೋಗಬೇಡಿ. ಖುಲಾಸೆಯಾಗುವ ಹೊತ್ತಿಗೆ ವರ್ಷಗಟ್ಟಲೆ ಕೋರ್ಟು ಅಲೆದಾಗಿರುತ್ತದೆ.

ಶಿಕ್ಷೆಯ ಪ್ರಮಾಣ ಮೂಲ ಅಪರಾಧವನ್ನು ಅವಲಂಬಿಸಿದೆ. ಮರಣದಂಡನೆ ವಿಧಿಸಬಹುದಾದ ಅಪರಾಧವಾದರೆ (ಕೊಲೆ, ಸೆಕ್ಷನ್ 103) ಸಾಕ್ಷ್ಯ ನಾಶಕ್ಕೆ 7 ವರ್ಷದವರೆಗೆ. ಜೀವಾವಧಿ ಇಲ್ಲವೇ 10 ವರ್ಷದವರೆಗಿನ ಶಿಕ್ಷೆ ಇರುವಂಥದ್ದಾದರೆ (ಕೊಲೆಯಲ್ಲದ ನರಹತ್ಯೆ, ವರದಕ್ಷಿಣೆ ಸಾವು, ಆತ್ಮಹತ್ಯೆಗೆ ಪ್ರಚೋದನೆ) 3 ವರ್ಷದವರೆಗೆ. ಅದಕ್ಕೂ ಕಡಿಮೆಯಾದರೆ ಮೂಲ ಅಪರಾಧದ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗದವರೆಗೆ. ಉದಾಹರಣೆಗೆ, ಗಾಡಿ ಗುದ್ದಿ ಒಬ್ಬರು ಸತ್ತರು ಅಂತಿಟ್ಟುಕೊಳ್ಳಿ. ನಿರ್ಲಕ್ಷ್ಯದ ಸಾವಿಗೆ 106(1)ರಲ್ಲಿ ಗರಿಷ್ಠ 5 ವರ್ಷ. ಆ ಗಾಡಿಯ ಬಂಪರ್ ಬದಲಿಸಿ ಬಣ್ಣ ಬಳಿದುಕೊಟ್ಟ ಸ್ನೇಹಿತನಿಗೆ ಅದರ ಕಾಲು ಭಾಗ, ಅಂದರೆ 1 ವರ್ಷ 3 ತಿಂಗಳವರೆಗೆ ಜೈಲಾಗಬಹುದು.

238 ಜಾಮೀನು ಸಿಗುವ ಅಪರಾಧವೇ. ಹಾಗೆಂದು ನಿರಾಳವಾಗುವಂತಿಲ್ಲ. ತನಿಖೆಯ ಆರಂಭದಲ್ಲಿ ಯಾರ ಪಾತ್ರ ಎಷ್ಟೆಂದು ಪೊಲೀಸರಿಗೂ ಗೊತ್ತಿರುವುದಿಲ್ಲ. ಶವ ಸಾಗಿಸಿದವರ ಮೇಲೂ 103ರ ಜೊತೆ ಸಮಾನ ಉದ್ದೇಶದ 3(5) ಅಥವಾ ಒಳಸಂಚಿನ 61(2) ಸೇರಿಸಿಬಿಡುತ್ತಾರೆ. ಆಗ ಜಾಮೀನು ಸೆಷನ್ಸ್ ಕೋರ್ಟು, ಹೈಕೋರ್ಟಿನ ಮಾತಾಗುತ್ತದೆ.

ಜನ ಹೆಚ್ಚಾಗಿ ತಪ್ಪು ತಿಳಿಯುವುದು ರಕ್ತಸಂಬಂಧದ ವಿಷಯದಲ್ಲಿ. ಅಪರಾಧಿಗೆ ಆಶ್ರಯ ಕೊಡುವುದನ್ನು ಶಿಕ್ಷಿಸುವ ಸೆಕ್ಷನ್ 249ರಲ್ಲಿ ಗಂಡ ಅಥವಾ ಹೆಂಡತಿಗೆ ವಿನಾಯಿತಿ ಇದೆ. ಅಪ್ಪ, ಅಮ್ಮ, ಅಣ್ಣತಮ್ಮಂದಿರಿಗೆ ಇಲ್ಲ. 238ರಲ್ಲಂತೂ ಹೆಂಡತಿಗೂ ಇಲ್ಲ. ಗಂಡನನ್ನು ಒಂದು ರಾತ್ರಿ ಮನೆಯಲ್ಲಿ ಇರಿಸಿಕೊಂಡದ್ದು ಒಂದು ಲೆಕ್ಕ, ಅವನ ಮಚ್ಚು ತೊಳೆದಿಟ್ಟದ್ದು ಬೇರೆಯೇ ಲೆಕ್ಕ.

ಸುಮ್ಮನಿದ್ದರೂ ತಪ್ಪಾಗುತ್ತದೆಯೇ? ಕೊಲೆ ಮತ್ತು ನರಹತ್ಯೆಯ ವಿಷಯದಲ್ಲಿ ಆಗುತ್ತದೆ. ಪೊಲೀಸ್ ತನಿಖೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 33ರ ಪ್ರಕಾರ ಇವುಗಳ ಅರಿವಿದ್ದ ಯಾರೇ ಆಗಲಿ ತಕ್ಷಣ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸಬೇಕು. ತಿಳಿಸದಿರಲು ಸಕಾರಣವಿತ್ತೆಂದು ತೋರಿಸುವ ಹೊಣೆಯೂ ಅವರದೇ. ಬೇಕೆಂದೇ ತಿಳಿಸದಿದ್ದರೆ ನ್ಯಾಯ ಸಂಹಿತೆಯ 239ರ ಅಡಿ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಳ್ಳಿಯಲ್ಲಿ ಅನುಮಾನಾಸ್ಪದ ಸಾವಾದರೆ, ಶವ ಸಿಕ್ಕರೆ ತಿಳಿಸುವ ಪ್ರತ್ಯೇಕ ಹೊಣೆ ಗ್ರಾಮದ ಅಧಿಕಾರಿಗಳ ಮೇಲೆ ಸುರಕ್ಷಾ ಸಂಹಿತೆಯ ಸೆಕ್ಷನ್ 34ರಲ್ಲಿದೆ.

ಮೊದಲ ಒಂದು ಗಂಟೆ

ಜೀವವಿರುವ ಲಕ್ಷಣ ಇದ್ದರೆ ಕೆಳಗಿನ ಯಾವ ಮಾತೂ ಅನ್ವಯಿಸುವುದಿಲ್ಲ. ಎತ್ತಿ, ಬಿಚ್ಚಿ, ಕತ್ತರಿಸಿ, ಬಾಗಿಲು ಒಡೆಯಿರಿ. 108ಕ್ಕೆ ಕರೆ ಮಾಡಿ. ಜೀವ ಉಳಿಸಲು ಮುಟ್ಟಿದ್ದು ಸಾಕ್ಷ್ಯ ನಾಶವಲ್ಲ. ಗ್ಯಾಸ್ ವಾಸನೆ ಬರುತ್ತಿದ್ದರೆ ಕಿಟಕಿ ತೆರೆಯಿರಿ, ಸ್ವಿಚ್ ಮಾತ್ರ ಮುಟ್ಟಬೇಡಿ.

ಮೈ ತಣ್ಣಗಾಗಿ ಸೆಟೆದುಕೊಂಡಿದ್ದರೆ ಎಲ್ಲರೂ ಕೋಣೆಯಿಂದ ಹೊರಗೆ ಬನ್ನಿ. ಹೋದ ದಾರಿಯಲ್ಲೇ ಹಿಂತಿರುಗಿ. ಬಾಗಿಲು ಹೇಗಿತ್ತೋ ಹಾಗೇ ಇರಲಿ, ಆದರೆ ಅದರ ಮುಂದೆ ಒಬ್ಬರು ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ಬಂದ ನೆಂಟರೆಲ್ಲ ಒಳಗೆ ಹೋಗಿ ಮುಖ ನೋಡಿ ಅಳುವುದು ನಮ್ಮಲ್ಲಿ ಸಹಜ, ಅದನ್ನು ತಡೆಯುವುದು ಕಷ್ಟ. ಆದರೂ ತಡೆಯಬೇಕು. ಈ ಕೆಲಸಕ್ಕೆ ಮನೆಯವರಿಗಿಂತ ನೆರೆಮನೆಯ ಹಿರಿಯರೊಬ್ಬರು ಒಳ್ಳೆಯದು, ಅವರ ಮಾತಿಗೆ ಯಾರೂ ಎದುರಾಡುವುದಿಲ್ಲ.

112ಕ್ಕೆ ಕರೆ ಮಾಡಿದಾಗ ಹೇಳಬೇಕಾದದ್ದು ಇಷ್ಟೇ: ಎಲ್ಲಿ, ಯಾರು, ಎಷ್ಟು ಹೊತ್ತಿಗೆ ಯಾರು ಮೊದಲು ನೋಡಿದರು, ಈಗ ಅಲ್ಲಿ ಯಾರಿದ್ದಾರೆ. 'ಹಾರ್ಟ್ ಅಟ್ಯಾಕ್ ಇರಬೇಕು', 'ಆತ್ಮಹತ್ಯೆ ಮಾಡಿಕೊಂಡಿದ್ದಾರೆ' ಎಂದು ಕಾರಣ ಸೇರಿಸಬೇಡಿ. ಅದು ನಿಮ್ಮ ಊಹೆ. ಮುಂದೆ ಕೊಲೆಯೆಂದು ಗೊತ್ತಾದರೆ ದಾಖಲಾದ ಆ ಕರೆಯೇ ನೀವು ಕೊಟ್ಟ ಸುಳ್ಳು ಮಾಹಿತಿಯಂತೆ ಕಾಣುತ್ತದೆ. ಅಪರಾಧದ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಿದರೆ 240ರಲ್ಲಿ 2 ವರ್ಷದವರೆಗೆ ಶಿಕ್ಷೆ ಬೇರೆ ಇದೆ.

ಪೊಲೀಸರು ಬರುವವರೆಗೆ ಫ್ಯಾನ್, ಎಸಿ, ಲೈಟು ಇದ್ದಂತೆಯೇ ಇರಲಿ. ಸಾವಿನ ವೇಳೆ ಅಂದಾಜು ಮಾಡುವಾಗ ಕೋಣೆಯ ಉಷ್ಣತೆ ಲೆಕ್ಕಕ್ಕೆ ಬರುತ್ತದೆ. ಅದೇ ಮನೆಯ ಬಚ್ಚಲು, ಸಿಂಕು, ಕಕ್ಕಸು ಬಳಸಬೇಡಿ. ಕೈ ತೊಳೆದವನ ಗುರುತು ಉಳಿಯುವುದು ಅಲ್ಲೇ. ಕಸದ ಬುಟ್ಟಿ ಖಾಲಿ ಮಾಡಬೇಡಿ, ನಗರಸಭೆಯ ಗಾಡಿ ಬಂದರೂ ಅಂದು ಕಸ ಕೊಡಬೇಡಿ. ಕುಡಿದಿಟ್ಟ ಲೋಟ, ಬೀಡಿ ತುಂಡು, ಎಲೆ ಅಡಿಕೆ ಉಗುಳಿದ ಗುರುತು ಎಲ್ಲದರಲ್ಲೂ ಡಿಎನ್‌ಎ ಸಿಗಬಹುದು.

ಶವವನ್ನು ನೆಲದಿಂದ ಮಂಚಕ್ಕೆ ಎತ್ತುವುದು, ಚಾಪೆ ಮೇಲೆ ನೇರ ಮಲಗಿಸುವುದು, ಬಟ್ಟೆ ಸರಿಪಡಿಸುವುದು ಗೌರವಕ್ಕೆಂದು ಮಾಡುವ ಕೆಲಸಗಳೇ. ಆದರೆ ಸತ್ತ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು ಚರ್ಮದ ಮೇಲೆ ನೇರಳೆ ಕಲೆ ಮೂಡುತ್ತದೆ. ಕೆಲವು ಗಂಟೆಗಳಲ್ಲಿ ಆ ಕಲೆ ಸ್ಥಿರವಾಗಿಬಿಡುತ್ತದೆ. ಬೋರಲು ಬಿದ್ದು ಸತ್ತವರನ್ನು ತಡವಾಗಿ ಅಂಗಾತ ಮಲಗಿಸಿದರೆ ಕಲೆ ಎದೆಯ ಮೇಲೇ ಉಳಿಯುತ್ತದೆ. ವೈದ್ಯರು ಅದನ್ನು ನೋಡಿದ ಕ್ಷಣ 'ಶವವನ್ನು ಸರಿಸಿದವರು ಯಾರು' ಎಂಬ ಪ್ರಶ್ನೆ ಏಳುತ್ತದೆ.

ಬಯಲಿನಲ್ಲಿ ರಕ್ತ ಬಿದ್ದಿದ್ದು ಮಳೆ ಬರುವಂತಿದ್ದರೆ ಕಲೆಗೆ ತಾಗದಂತೆ ಒಂದು ಶುದ್ಧ ಬೇಸಿನ್ ಅಥವಾ ಬಕೆಟ್ಟನ್ನು ಬೋರಲು ಹಾಕಿ, ಸುತ್ತ ನಾಲ್ಕು ಕಲ್ಲಿಡಿ. ಮುಚ್ಚುವ ಮೊದಲು ಮೊಬೈಲಿನಲ್ಲಿ ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೋ ತೆಗೆಯಿರಿ. ಮಣ್ಣನ್ನು ಕೆರೆದು ಕವರಿಗೆ ತುಂಬಲು ಹೋಗಬೇಡಿ, ಅದು ಸೋಕೋ (ಅಪರಾಧ ಸ್ಥಳದ ಸಾಕ್ಷ್ಯ ಸಂಗ್ರಹಿಸುವ ಅಧಿಕಾರಿಗಳ) ತಂಡದ ಕೆಲಸ. 7 ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ವಿಡಿಯೋ ಸಮೇತ ಸಾಕ್ಷ್ಯ ಸಂಗ್ರಹಿಸಬೇಕೆಂದು ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ತಂಡ ಬಂದಿಲ್ಲವಾದರೆ ಕರೆಸಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಒಂದು ಕೋಣೆ ಕಾದರೆ ಸಾಲದು. 2008ರ ಮೇ ತಿಂಗಳಲ್ಲಿ ನೋಯ್ಡಾದ ಫ್ಲ್ಯಾಟೊಂದರಲ್ಲಿ ಬಾಲಕಿಯ ಕೊಲೆಯಾದಾಗ ಮನೆ ತುಂಬ ಜನ ಓಡಾಡಿದರು. ಮನೆಕೆಲಸದವನೇ ಕೊಂದು ಓಡಿಹೋದನೆಂದು ಅನುಮಾನಿಸಿದ್ದರು. ಅವನ ಶವ ಮರುದಿನ ಮೇಲಿನ ತಾರಸಿಯಲ್ಲೇ ಸಿಕ್ಕಿತು. ತಾರಸಿ, ಹಿತ್ತಲು, ಕೊಟ್ಟಿಗೆ, ನೀರಿನ ಸಂಪು, ಕಾರ್ ಪಾರ್ಕಿಂಗ್ ಎಲ್ಲಕ್ಕೂ ಬೀಗ ಹಾಕಿಸಿ, ಕೀಲಿ ಪೊಲೀಸರ ಕೈಗೆ ಕೊಡಿ.

ಸಾವಿನ ಬಗೆಗೆ ತಕ್ಕಂತೆ

ನೇಣಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಕುತ್ತಿಗೆಯ ಗಂಟು ಬಿಚ್ಚುವುದು. ಇಳಿಸಲೇಬೇಕಾಗಿ ಬಂದರೆ ಒಬ್ಬರು ಕಾಲು ಹಿಡಿದೆತ್ತಿ, ಇನ್ನೊಬ್ಬರು ಗಂಟಿನಿಂದ ದೂರದಲ್ಲಿ ಹಗ್ಗ ಕತ್ತರಿಸಿ. ಮೇಲಿನ ತುಂಡು ಫ್ಯಾನಿಗೋ ತೊಲೆಗೋ ಹಾಗೇ ಇರಲಿ, ಕುತ್ತಿಗೆಯ ಕುಣಿಕೆ ಕುತ್ತಿಗೆಯಲ್ಲೇ ಇರಲಿ. ತಾನೇ ನೇಣು ಹಾಕಿಕೊಂಡರೆ ಗುರುತು ಸಾಮಾನ್ಯವಾಗಿ ಗಂಟಲಿನ ಮೇಲ್ಭಾಗದಲ್ಲಿ, ಓರೆಯಾಗಿ, ಗಂಟಿನ ಬಳಿ ಬಿಟ್ಟುಹೋದಂತೆ ಇರುತ್ತದೆ. ಬೇರೆಯವರು ಹಗ್ಗ ಬಿಗಿದು ಕೊಂದಿದ್ದರೆ ಸಾಮಾನ್ಯವಾಗಿ ಕೆಳಗೆ, ಅಡ್ಡಡ್ಡ, ಸುತ್ತಲೂ ಇರುತ್ತದೆ. ಗಂಟು ಎಲ್ಲಿತ್ತು, ಹಗ್ಗ ಯಾವುದು ಎನ್ನುವುದು ಸಿಗದಿದ್ದರೆ ಈ ಹೋಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಉರುಳಿದ ಸ್ಟೂಲನ್ನು ಎತ್ತಿಡಬೇಡಿ. ಸೀರೆ, ದುಪಟ್ಟಾ ಬಳಸಿದ್ದರೆ ಮಡಿಸಬೇಡಿ.

ವಿಷವಾದರೆ ಬಾಟಲಿ, ಲೋಟ, ಉಳಿದ ಊಟ, ವಾಂತಿ ಬಿದ್ದ ಬಟ್ಟೆ ಎಲ್ಲವೂ ಬೇಕು. ಹೊಲಕ್ಕೆ ತಂದ ಕೀಟನಾಶಕದ ಡಬ್ಬ ಯಾವುದೆಂದು ಗೊತ್ತಿದ್ದರೆ ಆಸ್ಪತ್ರೆಯಲ್ಲಿ ಹೇಳಿ. ಚಿಕಿತ್ಸೆಗೂ ಅದೇ ಆಧಾರ. ಡಬ್ಬದ ಹೆಸರಿನ ಫೋಟೋ ಸಾಕು, ಡಬ್ಬವನ್ನು ಕೈಯಲ್ಲಿ ಹಿಡಿದುಕೊಂಡು ಓಡಬೇಕಿಲ್ಲ. ಶವಪರೀಕ್ಷೆಯಲ್ಲಿ ಹೊಟ್ಟೆ, ಕರುಳು, ಪಿತ್ತಜನಕಾಂಗ, ಮೂತ್ರಪಿಂಡದ ಭಾಗಗಳನ್ನು ಅಡುಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿಟ್ಟು ರಾಸಾಯನಿಕ ಪರೀಕ್ಷೆಗೆ ಕಳಿಸುತ್ತಾರೆ. ಫಾರ್ಮಲಿನ್‌ನಲ್ಲಿಟ್ಟರೆ ವಿಷದ ಪತ್ತೆಗೆ ಅಡ್ಡಿಯಾಗುತ್ತದೆ. ಒಳಾಂಗ ಪರೀಕ್ಷೆಗೆ ಕಳಿಸಿದ್ದಾರೆಯೇ ಎಂದು ತನಿಖಾಧಿಕಾರಿಯನ್ನು ಕೇಳಿ.

ಗುಂಡೇಟಾದರೆ ನೆಲದ ಮೇಲೆ ಬಿದ್ದ ಖಾಲಿ ಕಾಟ್ರಿಜ್ ಹೆಬ್ಬೆರಳಿನ ತುದಿಯಷ್ಟೇ ಇರುತ್ತದೆ. ಯಾರದೋ ಚಪ್ಪಲಿಗೆ ಸಿಕ್ಕಿ ಚರಂಡಿಗೆ ಹೋದರೆ ಮುಗಿಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆಯಾಯಿತು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರದ್ದು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂಎಂ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿದ್ದು ಇಂಥ ಗುಂಡು, ಕಾಟ್ರಿಜ್‌ಗಳ ಮೇಲಿನ ಗುರುತುಗಳನ್ನು ಹೋಲಿಸಿಯೇ.

ಆಸ್ಪತ್ರೆಯಲ್ಲಿ ಕೈಗೆ ಬರುವ ಕವರು

ಗಾಯಾಳುವನ್ನು ಆಸ್ಪತ್ರೆಗೆ ಒಯ್ದರೆ ವಾರ್ಡಿನವರು ಬಟ್ಟೆ ಕತ್ತರಿಸಿ ತೆಗೆದು, ಪ್ಲಾಸ್ಟಿಕ್ ಕವರಿಗೆ ತುರುಕಿ ಮನೆಯವರ ಕೈಗೆ ಕೊಡುವುದುಂಟು. ಅದು ಮನೆಗೆ ಬಂದು ಬಕೆಟ್ಟಿನಲ್ಲಿ ನೆನೆಯುತ್ತದೆ, ಅಥವಾ ಸೂತಕದ ಬಟ್ಟೆಯೆಂದು ಹಿತ್ತಲಲ್ಲಿ ಸುಟ್ಟುಹೋಗುತ್ತದೆ. ಚಾಕು ಎಷ್ಟು ಅಗಲವಿತ್ತು, ಎದುರಿನಿಂದ ಬಂತೋ ಹಿಂದಿನಿಂದಲೋ, ಗುಂಡು ಹತ್ತಿರದಿಂದ ಹಾರಿತೋ ದೂರದಿಂದಲೋ ಎಂಬುದಕ್ಕೆ ಬಟ್ಟೆಯ ತೂತು ಗಾಯದಷ್ಟೇ ಮುಖ್ಯ. ಗಾಯಕ್ಕೆ ಹೊಲಿಗೆ ಬಿದ್ದ ಮೇಲೆ ಅದರ ಮೂಲ ರೂಪ ಉಳಿಯುವುದಿಲ್ಲ, ಬಟ್ಟೆಯದ್ದು ಉಳಿಯುತ್ತದೆ.

ಅಲ್ಲೇ ಇರುವ ಪೊಲೀಸ್ ಹೊರಠಾಣೆಗೆ ಬಟ್ಟೆ ಒಪ್ಪಿಸಿ, ಬರೆಸಿಕೊಂಡು ಬನ್ನಿ. ಕೆಲವು ಗಂಟೆ ನಿಮ್ಮಲ್ಲೇ ಇರಬೇಕಾದರೆ ಪ್ಲಾಸ್ಟಿಕ್‌ನಿಂದ ತೆಗೆದು ದಪ್ಪ ಕಾಗದದ ಚೀಲಕ್ಕೆ, ಇಲ್ಲವೇ ಹೊಸ ದಿನಪತ್ರಿಕೆಗೆ ಹಾಕಿ. ಒಂದೊಂದು ಬಟ್ಟೆ ಬೇರೆ ಬೇರೆ ಇರಲಿ. ಪ್ಲಾಸ್ಟಿಕ್‌ನಲ್ಲಿ ಹಸಿ ರಕ್ತ ಬೆವತು ಬೂಷ್ಟು ಹಿಡಿದರೆ ಡಿಎನ್‌ಎ ಕೆಡುತ್ತದೆ. ಒದ್ದೆಯಿದ್ದರೆ ನೆರಳಲ್ಲಿ ಕಾಗದದ ಮೇಲೆ ಹರಡಿ. ಬಿಸಿಲಿಗೆ ಬೇಡ, ಫ್ರಿಜ್ಜಿಗೂ ಬೇಡ, ಕೊಡವಲೂ ಬೇಡ. ಒಂದು ಚೀಟಿಯಲ್ಲಿ ಯಾರು ಕೊಟ್ಟರು, ಎಷ್ಟು ಗಂಟೆಗೆ, ಯಾರು ಇಟ್ಟುಕೊಂಡರು ಎಂದು ಬರೆದಿಡಿ. ಚಿಕಿತ್ಸೆಯ ದಾಖಲೆಯಲ್ಲಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ನಮೂದಾಗಿದೆಯೇ ನೋಡಿಕೊಳ್ಳಿ. 'ಪೊಲೀಸ್ ಕೇಸು ಬೇಡ' ಎಂದು ಆಸ್ಪತ್ರೆಯವರಿಗೆ ಗೋಗರೆಯುವುದು ಮುಂದೆ ನಿಮಗೇ ತಿರುಗುಬಾಣವಾಗುತ್ತದೆ.

ಶವಪರೀಕ್ಷೆ, ಸಂಸ್ಕಾರ

'ಹೋದ ಜೀವ ಹೋಯಿತು, ದೇಹ ಯಾಕೆ ಕೊಯ್ಯಿಸುತ್ತೀರಿ' ಎಂಬ ಮಾತು ಪ್ರತಿ ಊರಲ್ಲೂ ಕೇಳುತ್ತದೆ. ಅಸಹಜ ಸಾವಿನಲ್ಲಿ ಇದು ಮನೆಯವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ, ಸುರಕ್ಷಾ ಸಂಹಿತೆಯ ಸೆಕ್ಷನ್ 194ರ ಪ್ರಕಾರ ಸ್ಥಳೀಯರಾದ ಕನಿಷ್ಠ ಇಬ್ಬರ ಎದುರು ಶವ ಪಂಚನಾಮೆ ಮಾಡುತ್ತಾರೆ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ಪಂಚನಾಮೆಗೆ ಸಾಮಾನ್ಯವಾಗಿ ತಹಶೀಲ್ದಾರರೇ ಬರುತ್ತಾರೆ. ತವರಿನವರು ಬರುವವರೆಗೆ ಕಾಯಲು ಕೇಳಿ, ಅವರ ಹೇಳಿಕೆ ಅದರಲ್ಲಿ ಸೇರಲಿ.

ಕೊಲೆಯ ಅನುಮಾನವಿರುವ ಶವಗಳ ಪರೀಕ್ಷೆಯನ್ನು ರಾತ್ರಿ ಮಾಡುವಂತಿಲ್ಲ, ಕಾನೂನು ಸುವ್ಯವಸ್ಥೆಯ ತುರ್ತಿದ್ದರೆ ಮಾತ್ರ ವಿನಾಯಿತಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ತಿಳಿಸಿದೆ. ಸಂಜೆ ತಂದ ಶವ ಮರುದಿನ ಮಧ್ಯಾಹ್ನ ಸಿಗುವುದಕ್ಕೆ ಕಾರಣ ಇದು. ಯಾರಿಗೋ ಹೇಳಿಸಿ 'ಬೇಗ ಮುಗಿಸಿಕೊಡಿ' ಎಂದು ಒತ್ತಡ ತರುವುದರಿಂದ ಕೆಡುವುದು ವರದಿಯ ಗುಣಮಟ್ಟವೇ.

ಶವ ಕೈಗೆ ಬಂದ ಮೇಲೂ ಸಾವಿನ ಬಗ್ಗೆ ಅನುಮಾನ ತೀರದಿದ್ದರೆ ಸುಡಬೇಡಿ, ಹೂಳಿ. ಸುಡುವ ಪದ್ಧತಿಯವರಾದರೂ ಹಾಗೆ ಮಾಡಲು ಅಡ್ಡಿಯಿಲ್ಲ. ಹೂತ ಶವವನ್ನು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಹೊರತೆಗೆಸಿ ಪರೀಕ್ಷಿಸಲು ಸುರಕ್ಷಾ ಸಂಹಿತೆಯ ಸೆಕ್ಷನ್ 196ರಲ್ಲಿ ಅವಕಾಶವಿದೆ. ಇಷ್ಟು ದಿನದೊಳಗೆ ಎಂಬ ಕಾಲಮಿತಿ ನಮ್ಮ ಕಾನೂನಿನಲ್ಲಿಲ್ಲ. ಮೂಳೆಯ ಮುರಿತ, ಕೆಲವು ವಿಷಗಳು ಬಹಳ ಕಾಲ ಉಳಿಯುತ್ತವೆ. ಬೂದಿಯಾದ ಮೇಲೆ ಎರಡನೇ ಶವಪರೀಕ್ಷೆಯ ಮಾತೇ ಇಲ್ಲ. ಪೊಲೀಸರಿಗೆ ತಿಳಿಸದೆ ರಾತ್ರಿಯೇ ಅವಸರದ ದಹನ ಮಾಡಿದರೆ ಅದು 238ರ ಅತಿ ಸಾಮಾನ್ಯ ಆಧಾರ. ದಹನಕ್ಕೆ ಸೌದೆ ಹೊಂದಿಸಿದವರವರೆಗೆ ವಿಚಾರಣೆ ಹೋಗುತ್ತದೆ. ಊರಿನ ವೈದ್ಯರೂ ಇಲ್ಲಿ ಎಚ್ಚರವಿರಬೇಕು: ಮುಖ ನೋಡಿ, ಮನೆಯವರು ಹೇಳಿದ್ದನ್ನು ಕೇಳಿ 'ಹೃದಯಾಘಾತ' ಎಂದು ಪ್ರಮಾಣಪತ್ರ ಬರೆದುಕೊಟ್ಟರೆ ಮೊದಲು ಪೊಲೀಸರ ಕೈಗೆ ಸಿಗುವ ಕಾಗದ ಅದೇ.

ಕ್ಯಾಮೆರಾ ಮತ್ತು ಮೊಬೈಲು

ಕೊಲೆ ನಡೆದ ಬೀದಿಯಲ್ಲಿ ನಿಮ್ಮ ಅಂಗಡಿಯ ಕ್ಯಾಮೆರಾ ಇದ್ದರೆ ಗಡಿಯಾರ ಆಗಲೇ ಓಡುತ್ತಿದೆ. ಡಿಸ್ಕ್ ತುಂಬಿದ ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಹೆಚ್ಚು ಜನ ಸೇರುವ ಸ್ಥಳಗಳು ದೃಶ್ಯವನ್ನು 30 ದಿನ ಇಟ್ಟುಕೊಳ್ಳಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯಲ್ಲಿದೆ. ಆದರೆ ಸಣ್ಣ ಅಂಗಡಿಯ ಡಿಸ್ಕಿನಲ್ಲಿ ಎಷ್ಟೋ ವೇಳೆ ಅದರ ಅರ್ಧವೂ ಉಳಿಯುವುದಿಲ್ಲ.

ಮೊದಲು ಮಾನಿಟರಿನ ಮೇಲಿರುವ ಸಮಯ ಮತ್ತು ನಿಮ್ಮ ಮೊಬೈಲಿನ ಸಮಯ ಎರಡೂ ಒಂದೇ ಫೋಟೋದಲ್ಲಿ ಬರುವಂತೆ ಚಿತ್ರ ತೆಗೆಯಿರಿ. ಡಿವಿಆರ್ ಗಡಿಯಾರ ಹತ್ತು ನಿಮಿಷ ಹಿಂದೆಯೋ ಮುಂದೆಯೋ ಇರುವುದು ಮಾಮೂಲು. ಅದನ್ನು ಈಗ ಸರಿಪಡಿಸಬೇಡಿ! ಕ್ಯಾಮೆರಾ ಹಾಕಿಕೊಟ್ಟ ಹುಡುಗನನ್ನು ಕರೆಸಿದರೆ ಅವನು ಮೊದಲು ಮಾಡುವ ಕೆಲಸವೇ ಟೈಮ್ ಸೆಟ್ ಮಾಡುವುದು. ಆಮೇಲೆ ಘಟನೆಗೆ ಎರಡು ಗಂಟೆ ಹಿಂದಿನಿಂದ ಎರಡು ಗಂಟೆ ನಂತರದವರೆಗೆ ಎಲ್ಲ ಕ್ಯಾಮೆರಾಗಳ ದೃಶ್ಯವನ್ನು, ಡಿವಿಆರ್ ಕೊಡುವ ಮೂಲ ಫಾರ್ಮ್ಯಾಟಿನಲ್ಲೇ, ಹೊಸ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ಪೊಲೀಸರಿಗೆ ಸುಳಿವು ಕೊಡಬಹುದು, ಮೂಲದ ಜಾಗ ತುಂಬುವುದಿಲ್ಲ.

ತುಣುಕನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಆರೋಪಿಯ ಮುಖ ಊರೆಲ್ಲ ನೋಡಿದ ಮೇಲೆ ಗುರುತು ಪತ್ತೆ ಕವಾಯತು (ಸಾಲಾಗಿ ನಿಂತವರಲ್ಲಿ ಆರೋಪಿಯನ್ನು ಸಾಕ್ಷಿ ಗುರುತಿಸುವುದು) ನಡೆಸಿ ಫಲವಿಲ್ಲ. 'ಸಾಕ್ಷಿ ಗುರುತಿಸಿದ್ದು ಘಟನೆಯಲ್ಲಿ ನೋಡಿ ಅಲ್ಲ, ಮೊಬೈಲಿನಲ್ಲಿ ನೋಡಿ' ಎಂದು ಆರೋಪಿ ಪರ ವಕೀಲರು ಒಂದೇ ಪ್ರಶ್ನೆಯಲ್ಲಿ ಹೊಡೆದುಹಾಕುತ್ತಾರೆ.

ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಮೊದಲನೆಯದನ್ನು ಸಾಧನದ ಹೊಣೆ ಹೊತ್ತ ನೀವು ತುಂಬುತ್ತೀರಿ: ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಫೈಲಿನ ಹ್ಯಾಶ್ ಮೌಲ್ಯ (ಕಂಪ್ಯೂಟರ್ ಲೆಕ್ಕಹಾಕಿ ಕೊಡುವ, ಫೈಲಿನ ಬೆರಳಚ್ಚಿನಂಥ ಸಂಕೇತ). ಎರಡನೆಯದನ್ನು ತಜ್ಞರು ತುಂಬುತ್ತಾರೆ. ಫೈಲಿನಲ್ಲಿ ಒಂದು ಅಂಶ ಬದಲಾದರೂ ಹ್ಯಾಶ್ ಬದಲಾಗುತ್ತದೆ, ಹಾಗಾಗಿ 'ಅನಗತ್ಯ ಭಾಗ ಕತ್ತರಿಸಿ ಕೊಡುತ್ತೇನೆ' ಎನ್ನಬೇಡಿ. ಪೊಲೀಸರು ಡಿವಿಆರನ್ನೇ ಒಯ್ದರೆ ಸೀರಿಯಲ್ ನಂಬರ್ ಸಮೇತ ಜಪ್ತಿ ಮಹಜರಿನ ಪ್ರತಿ ಪಡೆಯಿರಿ.

ದೃಶ್ಯವನ್ನೋ ಸಂದೇಶವನ್ನೋ ಸಾಕ್ಷ್ಯವಾಗಿ ಸಿಗದಂತೆ ಅಳಿಸಿದರೆ ನ್ಯಾಯ ಸಂಹಿತೆಯ ಸೆಕ್ಷನ್ 241: 3 ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಳೆಯ ಐಪಿಸಿಯಲ್ಲಿ ಇದು 2 ವರ್ಷವಿತ್ತು. ಕೊಲೆಯಾದವರೊಂದಿಗಿನ ನಿಮ್ಮ ಚಾಟ್‌ನಲ್ಲಿ ಮುಜುಗರದ ಮಾತುಗಳಿದ್ದರೂ ಇರಲಿ. ನೀವು ಅಳಿಸಿದ್ದು ಇನ್ನೊಂದು ಮೊಬೈಲಿನಲ್ಲಿ ಇದ್ದೇ ಇರುತ್ತದೆ, ಆಗ ಅಳಿಸಿದ್ದೇ ನಿಮ್ಮ ನಡತೆಯ ಸಾಕ್ಷ್ಯವಾಗುತ್ತದೆ. ತಾನಾಗಿ ಮಾಯವಾಗುವ ಸಂದೇಶದ ಸೆಟ್ಟಿಂಗ್ ಇದ್ದರೆ ಉಳಿದವುಗಳ ಸ್ಕ್ರೀನ್‌ಶಾಟ್ ತೆಗೆದು ತಕ್ಷಣ ತನಿಖಾಧಿಕಾರಿಗೆ ತಿಳಿಸಿ. ತೀರಿಕೊಂಡವರ ಮೊಬೈಲಿನ ಲಾಕ್ ತೆಗೆಯಲು ಪ್ರಯತ್ನಿಸಬೇಡಿ; ರಿಂಗಾದರೆ ಯಾರ ಕರೆ ಎಂದು ಬರೆದುಕೊಳ್ಳಿ, ಎತ್ತಬೇಡಿ.

ಮಹಜರಿಗೆ ಸಹಿ ಹಾಕುವಾಗ

ಪಂಚರೆಂದರೆ ಕಂಡದ್ದಕ್ಕೆ ಸಾಕ್ಷಿ, ಬರೆದದ್ದಕ್ಕಲ್ಲ. ವಸ್ತು ಎಲ್ಲಿಂದ ತೆಗೆದರು, ಎಷ್ಟಿತ್ತು, ಯಾವ ಬಣ್ಣ, ನಿಮ್ಮೆದುರೇ ಅರಗಿನ ಮುದ್ರೆ ಬಿತ್ತೇ, ಚೀಟಿಯ ಮೇಲೆ ನಿಮ್ಮ ಸಹಿ ಇದೆಯೇ ಎಂದು ನೋಡಿ. ಶೋಧ ಮತ್ತು ಜಪ್ತಿಯ ವಿಡಿಯೋ ಈಗ ಸುರಕ್ಷಾ ಸಂಹಿತೆಯ ಸೆಕ್ಷನ್ 105ರ ಪ್ರಕಾರ ಕಡ್ಡಾಯ. ಅದಕ್ಕೆ ಪೊಲೀಸರ ಮೊಬೈಲಿನಲ್ಲಿ ಇ-ಸಾಕ್ಷ್ಯ ಆ್ಯಪ್ ಇದೆ. ಖಾಲಿ ಹಾಳೆಗೆ ಸಹಿ ಕೇಳಿದರೆ 'ಬರೆದ ಮೇಲೆ ಹಾಕುತ್ತೇನೆ' ಎನ್ನಿ. ಠಾಣೆಯಲ್ಲಿ ಕೂತು ಬರೆದ 'ಸ್ಥಳ ಮಹಜರಿಗೆ' ಸಹಿ ಹಾಕಿದ ಪಂಚ ಪಾಟೀ ಸವಾಲಿನಲ್ಲಿ ಬಾಗಿಲು ಯಾವ ದಿಕ್ಕಿಗಿತ್ತು ಎಂದು ಕೇಳಿದರೇ ತಡವರಿಸುತ್ತಾನೆ. ನ್ಯಾಯಾಲಯದಲ್ಲಿ ಬೇಕೆಂದೇ ಸುಳ್ಳು ಸಾಕ್ಷ್ಯ ನುಡಿದರೆ ನ್ಯಾಯ ಸಂಹಿತೆಯ 229ರಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ. ಯಾರ ಮೇಲೇ ಆಗಲಿ ಮರಣದಂಡನೆಯ ಅಪರಾಧ ಕಟ್ಟಲು ಸಾಕ್ಷ್ಯ ಸೃಷ್ಟಿಸಿದರೆ 230ರ ಪ್ರಕಾರ ಜೀವಾವಧಿಯವರೆಗೂ ಹೋಗುತ್ತದೆ. ಕೊಂದವನು ಇವನೇ ಎಂದು ಖಚಿತವಿದ್ದರೂ ಅವನ ಮನೆಯ ಹಿಂದೆ ಚಾಕು ಇಡುವವರು ನೆನಪಿಡಬೇಕಾದ ಸೆಕ್ಷನ್ ಇದು.

ರಾಜಿ ಪಂಚಾಯಿತಿ

ಕೊಲೆ ರಾಜಿಯಾಗುವ ಅಪರಾಧವಲ್ಲ. ಊರ ಕಟ್ಟೆಯಲ್ಲಿ ಕೂತು 'ಮಕ್ಕಳ ಹೆಸರಿಗೆ ಇಷ್ಟು ಬರೆದುಕೊಡಲಿ, ಕೇಸು ಬೇಡ' ಎಂದು ತೀರ್ಮಾನ ಮಾಡಿದರೆ ಹಣ ತೆಗೆದುಕೊಂಡವರು 250ಕ್ಕೆ, ಕೊಟ್ಟವರು 251ಕ್ಕೆ ಸಿಕ್ಕಿಕೊಳ್ಳುತ್ತಾರೆ. ಮರಣದಂಡನೆಯ ಅಪರಾಧ ಮುಚ್ಚಿಹಾಕಲು ಎರಡಕ್ಕೂ 7 ವರ್ಷದವರೆಗೆ ಶಿಕ್ಷೆ. ಆ ಪತ್ರಕ್ಕೆ ಸಾಕ್ಷಿ ಸಹಿ ಹಾಕಿದ ಹಿರಿಯರೂ ತನಿಖೆಯಿಂದ ದೂರ ಉಳಿಯುವುದಿಲ್ಲ.

ಆಗಲೇ ತೊಳೆದಾಗಿದ್ದರೆ

ಗಾಬರಿಯಲ್ಲಿ ನೆಲ ಒರೆಸಿದ್ದೀರಿ, ಬಟ್ಟೆ ಒಗೆದಿದ್ದೀರಿ, ಚಾಕು ಎತ್ತಿಟ್ಟಿದ್ದೀರಿ. ಈಗ ಮೊದಲಿನಂತೆ ಕಾಣಿಸಲು ಪ್ರಯತ್ನಿಸಬೇಡಿ. ಎತ್ತಿಟ್ಟದ್ದನ್ನು ಮತ್ತೆ ಅಲ್ಲೇ ಇಟ್ಟರೆ ಅದು ಎರಡನೇ ತಪ್ಪು. ತೊಳೆದ ಟೈಲ್ಸ್ ಸಂದಿನಲ್ಲಿ, ಹೊಸಿಲ ಕೆಳಗೆ, ಮಂಚದ ಕಾಲಿನಲ್ಲಿ ರಕ್ತದ ಕಣ ಉಳಿದೇ ಇರುತ್ತದೆ. ಲುಮಿನಾಲ್ ಸಿಂಪಡಿಸಿದರೆ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ. ಯಾವುದರಿಂದ ತೊಳೆದಿರಿ ಎಂಬುದೂ ಮುಖ್ಯ, ಬ್ಲೀಚಿಂಗ್ ಪುಡಿ ಹಾಕಿದ್ದರೆ ಪರೀಕ್ಷೆ ದಾರಿ ತಪ್ಪಬಹುದು. ಒರೆಸಿದ ಬಟ್ಟೆ, ಬಕೆಟ್ಟು, ಪೊರಕೆಯನ್ನು ಇದ್ದಲ್ಲೇ ಬಿಡಿ. ಯಾರು, ಎಷ್ಟು ಹೊತ್ತಿಗೆ, ಏನು ಮುಟ್ಟಿದಿರಿ, ಏಕೆ ಎಂದು ಬಿಳಿ ಹಾಳೆಯಲ್ಲಿ ಬರೆಯಿರಿ. ಕೊಂದವರು ಮನೆಯವರೇ ಎಂಬ ಅನುಮಾನವಿದ್ದರೆ ಆ ಹಾಳೆ ಕೊಡುವ ಮೊದಲು ವಕೀಲರೊಂದಿಗೆ ಮಾತಾಡಿ. ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹಾಗಿಲ್ಲವಾದರೆ ಮೊದಲ ಹೇಳಿಕೆಯಲ್ಲೇ ಹೇಳಿಬಿಡಿ. 238 ನಿಂತಿರುವುದು ಉದ್ದೇಶದ ಮೇಲೆ. ತಾನಾಗಿ ಮೊದಲ ದಿನ ಹೇಳಿದ್ದಕ್ಕೂ, ಪ್ರಯೋಗಾಲಯದ ವರದಿ ಬಂದ ಮೇಲೆ ಒಪ್ಪಿಕೊಂಡದ್ದಕ್ಕೂ ನ್ಯಾಯಾಲಯದಲ್ಲಿ ಅಜಗಜಾಂತರ.

ಪೊಲೀಸರೇ ಕೈಬಿಟ್ಟರೆ

ಠಾಣೆಯ ವ್ಯಾಪ್ತಿ ನೆಪವಾಗುವಂತಿಲ್ಲ; ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಆಗುತ್ತದೆ, ಪ್ರತಿ ಉಚಿತ. ದೂರು ತೆಗೆದುಕೊಳ್ಳದಿದ್ದರೆ ಸುರಕ್ಷಾ ಸಂಹಿತೆಯ 173(4)ರ ಪ್ರಕಾರ ಎಸ್‌ಪಿ ಅವರಿಗೆ (ಬೆಂಗಳೂರು ನಗರದಲ್ಲಿ ಡಿಸಿಪಿಗೆ) ಲಿಖಿತ ದೂರನ್ನು ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಅಫಿಡವಿಟ್ ಸಹಿತ ಅದೇ ಸಂಹಿತೆಯ 175(3)ರ ಅರ್ಜಿ ಮ್ಯಾಜಿಸ್ಟ್ರೇಟರಿಗೆ. ತನಿಖೆ ಎಲ್ಲಿಗೆ ಬಂದಿದೆ ಎಂದು 90 ದಿನದೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ. ಜಪ್ತಿಯಾದ ವಸ್ತುಗಳ ಪಿ.ಎಫ್. ನಂಬರ್ (ಠಾಣೆಯ ಜಪ್ತಿ ವಸ್ತು ನಮೂನೆಯ ಸಂಖ್ಯೆ) ಏನು, ಬೆಂಗಳೂರಿನ ಮಡಿವಾಳದ ಅಥವಾ ನಿಮ್ಮ ವಲಯದ ಪ್ರಯೋಗಾಲಯಕ್ಕೆ ಯಾವ ದಿನ ಕಳಿಸಿದರು ಎಂದು ಕೇಳಿ. ತಿಂಗಳುಗಟ್ಟಲೆ ಠಾಣೆಯ ಬೀರುವಿನಲ್ಲಿ ಕೊಳೆತ ಮುದ್ದೆಮಾಲು ಆರೋಪಿಗೆ ವರ. ಯಾರನ್ನೋ ಉಳಿಸಲು ಅಧಿಕಾರಿಯೇ ದಾಖಲೆ ತಿರುಚಿದರೆ ನ್ಯಾಯ ಸಂಹಿತೆಯ ಸೆಕ್ಷನ್ 256ರಲ್ಲಿ 3 ವರ್ಷದವರೆಗೆ ಶಿಕ್ಷೆಯಿದೆ.

ಸುಳ್ಳು ಸಾಕ್ಷಿ ಹೇಳುವಂತೆ ಬೆದರಿಕೆ ಬಂದರೆ ಕರೆಯ ಸಮಯ, ಸಂಖ್ಯೆ ಬರೆದಿಟ್ಟು, 232ರ ಅಡಿ ಬೇರೆಯೇ ದೂರು ಕೊಡಿ. ಅದಕ್ಕೂ 7 ವರ್ಷದವರೆಗೆ ಶಿಕ್ಷೆ. ಜೊತೆಗೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಅರ್ಜಿ ಸಲ್ಲಿಸಬೇಕಾದ್ದು ಆ ಸಮಿತಿಯ ಸದಸ್ಯ ಕಾರ್ಯದರ್ಶಿಯಾದ ಜಿಲ್ಲಾ ಪ್ರಾಸಿಕ್ಯೂಷನ್ ಮುಖ್ಯಸ್ಥರ ಮೂಲಕ.